ಖಾತೆಗೆ ಇಳಿಯದ ಕಿರ್ದಿ

ರಾತ್ರಿ ಎರಡು ಗಂಟೆಗೆ ಫೋನು ಬಡಕೊಂಡರೆ ಮನೆಯಲ್ಲಿ ಉಳಿದವರಿಗೆ ಮೊದಲು ಊರು ನೆನಪಾಗುತ್ತೆ, ಯಾರಿಗೋ ಏನೋ ಆಯ್ತು ಅಂತ. ನನ್ನಂಥ ಆನ್-ಕಾಲ್ ಜೀವಿಗಳಿಗೆ ಸರ್ವರ್ ನೆನಪಾಗುತ್ತೆ. ಆವತ್ತು ಬಂದ ಸಂದೇಶ ಚಿಕ್ಕದು: ಡೇಟಾ ಡಿಸ್ಕು ರೀಡ್-ಓನ್ಲಿ ಆಗಿದೆ. ಓದಬಹುದು, ಬರೆಯೋ ಹಾಗಿಲ್ಲ. ಅರೆನಿದ್ದೆಯಲ್ಲಿ ಲಾಗಿನ್ ಆಗಿ ನೋಡಿದರೆ ಕರ್ನೆಲ್ ಲಾಗಿನಲ್ಲಿ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ತನ್ನ ದೂರು ದಾಖಲಿಸಿತ್ತು. ಬ್ಲಾಕ್ ಬಿಟ್‌ಮ್ಯಾಪ್ ಸರಿಯಿಲ್ಲ, ಇನ್ನು ಮುಂದೆ ಏನನ್ನೂ ಬರೆಯಲಾರೆ ಅನ್ನೋದು ಅದರ ಸಾರಾಂಶ. ನನಗೆ ಬಂದ ಮೊದಲ ಯೋಚನೆ, "ನಿಂಗ್ಯಾಕಪ್ಪಾ ಈ ಅಧಿಕಪ್ರಸಂಗ?"

ರೀಬೂಟ್ ಮಾಡಿದೆ. ಎಫ್‌ಎಸ್‌ಸಿಕೆ ಓಡಿಸಿ, ಅದು ಕೇಳಿದ ಪ್ರಶ್ನೆಗಳಿಗೆಲ್ಲ ಓದದೇ ಹೂಂ ಅಂದೆ. ಆಮೇಲೆ, ಇದು ಮತ್ತೆ ನನ್ನನ್ನು ಎಬ್ಬಿಸದಿರಲಿ ಅಂತ ಎಫ್‌ಎಸ್‌ಟ್ಯಾಬ್ ಫೈಲ್ ತೆಗೆದೆ. ಎರರ್ ಬಂದಾಗ 'ರೀಡ್-ಓನ್ಲಿ ಮಾಡು' ಅಂತ ಹಿಂದೆ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರು. ಅದನ್ನು 'ಕಂಟಿನ್ಯೂ' ಅಂತ ತಿದ್ದಿ ಮಲಗಿದೆ. ಒಳ್ಳೇ ನಿದ್ದೆ ಬಂತು.

ಮೂರು ವಾರ ಬಿಟ್ಟು ಆ ಡಿಸ್ಕಿನ ಮೇಲೆ ಮತ್ತೆ ಎಫ್‌ಎಸ್‌ಸಿಕೆ ಓಡಿಸಬೇಕಾಯ್ತು. ನೂರಾರು ಬ್ಲಾಕುಗಳು ಎರಡೆರಡು ಫೈಲುಗಳ ಹೆಸರಿನಲ್ಲಿದ್ದವು. ಬೆಂಗಳೂರಲ್ಲಿ ಒಂದೇ ಸೈಟನ್ನು ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟ ಹಾಗೆ. ಯಾವ ಬ್ಲಾಕು ಖಾಲಿ, ಯಾವುದು ಭರ್ತಿ ಅಂತ ಹೇಳುವ ನಕ್ಷೆಯೇ ತಪ್ಪಾಗಿದ್ದ ಡಿಸ್ಕಿನ ಮೇಲೆ ನಾವು ಮೂರು ವಾರ ಸರಾಗವಾಗಿ ಬರೆಯುತ್ತಾ ಹೋಗಿದ್ದೆವು. ಲಾಸ್ಟ್-ಅಂಡ್-ಫೌಂಡ್ ಫೋಲ್ಡರಿನೊಳಗೆ ಹೆಸರಿಲ್ಲದ, ಬರೀ ನಂಬರು ಹೊತ್ತ ಫೈಲುಗಳ ರಾಶಿ ಬಿದ್ದಿತ್ತು. ಬ್ಯಾಕಪ್ ಇರಲಿಲ್ವಾ ಅಂತ ಕೇಳಿದಿರಾ? ಇತ್ತು. 14 ದಿನಗಳದ್ದು. ಅಷ್ಟೂ ದಿನ ಕೆಟ್ಟ ಫೈಲುಗಳನ್ನೇ ನಿಯತ್ತಾಗಿ ನಕಲು ಮಾಡಿಟ್ಟುಕೊಂಡಿತ್ತು.

ಫೈಲುಗಳು ಅಂದರೆ ಬರೀ ಫೈಲುಗಳಲ್ಲ ನೋಡಿ. ನಮ್ಮದು ಲಾರಿ ಸಾಗಣೆಯ ಲೆಕ್ಕ ಇಡುವ ಕಂಪನಿ. ಮಾಲು ಇಳಿಸಿದ ಮೇಲೆ ಡ್ರೈವರ್ ಸಹಿ ಹಾಕಿಸಿದ ಚೀಟಿಯ ಫೋಟೋ ಕಳಿಸುತ್ತಾನೆ, ಅದನ್ನು ನೋಡಿ ಬಾಡಿಗೆ ಬಾಕಿ ಚುಕ್ತಾ ಆಗುತ್ತೆ. ಹೋದದ್ದು ಆ ಫೋಟೋಗಳು. ಹುಬ್ಬಳ್ಳಿ ಕಡೆಯ ಒಬ್ಬ ಲಾರಿ ಮಾಲೀಕರ ಕಾಲ್ ಅನ್ನು ಸಪೋರ್ಟಿನವರು ನನಗೇ ದಾಟಿಸಿದರು. "ಸಹಿ ಹಾಕಿಸೀನ್ರಿ, ಫೋಟೋನೂ ಕಳಿಸೀನಿ, ನಿಮ್ಮ ಆ್ಯಪೇ ಮುಟ್ಟೇತಿ ಅಂತ ಹೇಳೇತಿ. ಈಗ ಇಲ್ಲಂದ್ರ ನಾ ಏನ್ ಮಾಡ್ಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ್ಯಪ್ ಹಸಿರು ಟಿಕ್ ತೋರಿಸಿದ್ದು ನಿಜ.

ಅದಾದ ಮೇಲೆ ಕೂತು ಓದಿದ್ದು ಈ ಫೈಲ್ ಸಿಸ್ಟಮ್‌ನ ಕೋಡು, ಅದರ ಪ್ಯಾಚುಗಳು, ಅದರ ಬಗ್ಗೆ ಬಂದ ಪ್ರಬಂಧಗಳು. ಕಾದಂಬರಿಗೆ ವಿಮರ್ಶೆ ಬರೀತೀವಿ, ಸಿನಿಮಾಕ್ಕೆ ಬರೀತೀವಿ. ದಿನಾ ನಾವು ನೆಚ್ಚಿಕೊಂಡು ಬದುಕುವ ಈ ಕೋಡಿಗೆ ಯಾಕೆ ಬರೆಯಬಾರದು?

ಮೊದಲು ಜರ್ನಲ್ ಅಂದರೇನು ಅಂತ ಹೇಳಿಬಿಡ್ತೀನಿ, ಗೊತ್ತಿರೋರು ಒಂದು ಪ್ಯಾರಾ ಹಾರಿಸಿ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ನಮ್ಮ ತಾತ ಗುಮಾಸ್ತರಾಗಿದ್ದರು. ದಿನದ ವ್ಯವಹಾರವೆಲ್ಲ ಆದ ಹಾಗೇ ಮೊದಲು ಕಿರ್ದಿಗೆ ಬೀಳುತ್ತಿತ್ತು. ಸಂಜೆ ಮೇಲೆ ಕೂತು ಅದನ್ನು ಒಬ್ಬೊಬ್ಬರ ಖಾತೆಗೆ ಇಳಿಸೋರು. ಮಧ್ಯೆ ಕರೆಂಟು ಹೋಗಲಿ, ಯಾರೋ ಬಂದು ಎಬ್ಬಿಸಲಿ, ಖಾತೆ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ, ಕಿರ್ದಿ ನೋಡಿ ಮತ್ತೆ ಇಳಿಸಬಹುದು. ಇಎಕ್ಸ್‌ಟಿ3ರ ಜರ್ನಲ್ ಕೂಡ ಇಷ್ಟೇ. ಫೈಲಿನ ಹೆಸರು, ಜಾಗ, ಅಳತೆ ಇತ್ಯಾದಿ ಮೆಟಾಡೇಟಾ ಬದಲಾವಣೆಗಳನ್ನು ಮೊದಲು ಡಿಸ್ಕಿನ ಒಂದು ಮೂಲೆಯಲ್ಲಿ ಬರೆದು, ಕೊನೆಯಲ್ಲಿ 'ಕಮಿಟ್' ಅಂತ ಒಂದು ಮೊಹರು ಒತ್ತುತ್ತೆ. ಆಮೇಲೆ ನಿಧಾನಕ್ಕೆ ಅವುಗಳ ಸ್ವಂತ ಜಾಗಕ್ಕೆ ಇಳಿಸುತ್ತೆ. ಈ ಇಳಿಸುವ ಕೆಲಸಕ್ಕೆ ಚೆಕ್‌ಪಾಯಿಂಟ್ ಅಂತ ಹೆಸರು. ಇಳಿಸಿದ್ದಾದ ಮೇಲೆ ಜರ್ನಲ್‌ನ ಆ ಜಾಗವನ್ನು ಹೊಸ ಬರಹಕ್ಕೆ ಬಿಟ್ಟುಕೊಡುತ್ತೆ. ಸ್ಟೀಫನ್ ಟ್ವೀಡಿ 1998ರಲ್ಲಿ ಈ ವಿನ್ಯಾಸ ಮಂಡಿಸಿದರು, 2001ರ ನವೆಂಬರಿನಲ್ಲಿ 2.4.15 ಆವೃತ್ತಿಯೊಂದಿಗೆ ಇಎಕ್ಸ್‌ಟಿ3 ಮುಖ್ಯ ಲಿನಕ್ಸ್ ಕರ್ನೆಲ್ ಸೇರಿತು.

ವಿನ್ಯಾಸ ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಅದು ಯಾವ ಶತ್ರುವನ್ನು ಊಹಿಸಿಕೊಂಡಿತು ಅನ್ನೋದರ ಬಗ್ಗೆ. ಜರ್ನಲ್ ಹುಟ್ಟಿದ್ದು ಕರೆಂಟು ಹೋಗುವುದಕ್ಕೆ, ಕರ್ನೆಲ್ ಸಾಯುವುದಕ್ಕೆ. ಡಿಸ್ಕು ಒಂದೋ ಇದೆ, ಇಲ್ಲವೋ ಪೂರ್ತಿ ಸತ್ತಿದೆ ಅನ್ನುವ ಲೋಕ ಅದು. ನಿಜವಾದ ಡಿಸ್ಕುಗಳು ನಮ್ಮ ಹಾಗೇ, ಮಂಡಿನೋವು ಇಟ್ಟುಕೊಂಡೇ ಓಡಾಡುತ್ತವೆ. ಈ ಸೆಕ್ಟರ್ ಓದಕ್ಕಾಗಲ್ಲ, ಆ ಬ್ಲಾಕ್ ಬರೆಯಕ್ಕಾಗಲ್ಲ, ಉಳಿದದ್ದೆಲ್ಲ ಸರಿ. 'ಆಗಲ್ಲ' ಅಂತ ಡಿಸ್ಕು ಬಾಯಿಬಿಟ್ಟು ಹೇಳಿದಾಗ ಕೇಳಿಸಿಕೊಂಡವರು ಏನು ಮಾಡಬೇಕು ಅನ್ನೋದನ್ನು ವಿನ್ಯಾಸದ ಹಂತದಲ್ಲಿ ಯಾರೂ ಗಟ್ಟಿಯಾಗಿ ಕೂತು ತೀರ್ಮಾನಿಸಿದ ಹಾಗೆ ಕಾಣಲ್ಲ.

ಇದನ್ನು ಪರೀಕ್ಷೆ ಮಾಡಿ ತೋರಿಸಿದವರು ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದವರು. 2005ರ ಅವರ 'ಐರನ್ ಫೈಲ್ ಸಿಸ್ಟಮ್ಸ್' ಪ್ರಬಂಧದ ವಿಧಾನ ನನಗೆ ಬಹಳ ಹಿಡಿಸಿತು. ಫೈಲ್ ಸಿಸ್ಟಮ್‌ಗೂ ಡಿಸ್ಕಿಗೂ ನಡುವೆ ಒಂದು ಪದರ ಇಟ್ಟು, ಬೇಕಾದ ಬ್ಲಾಕನ್ನೇ ಆರಿಸಿ ಬೇಕಂತಲೇ ಎರರ್ ಕೊಟ್ಟು, ಮೇಲಿನವರು ಏನು ಮಾಡ್ತಾರೆ ನೋಡೋದು. ಮದುವೆಗೆ ಮುಂಚೆ ಹುಡುಗನಿಗೆ ಕೋಪ ಬರಿಸಿ ನೋಡಿ ಅಂತಾರಲ್ಲ, ಹಾಗೆ. ಬರೆಯುವಾಗ ಬಂದ ಎರರ್‌ಗಳನ್ನು ಇಎಕ್ಸ್‌ಟಿ3 ಬಹುಮಟ್ಟಿಗೆ ಗಮನಿಸುತ್ತಲೇ ಇರಲಿಲ್ಲ. ಜರ್ನಲ್‌ಗೆ ಬರೆಯುವಾಗಲೇ ಒಂದು ಬ್ಲಾಕ್ ವಿಫಲವಾದರೂ ಉಳಿದದ್ದನ್ನು ಬರೆದು ಕೊನೆಗೆ ಕಮಿಟ್ ಮೊಹರನ್ನೂ ಒತ್ತುತ್ತಿತ್ತು. ಅಂದರೆ ಹಾಳೆ ಹರಿದ ಕಿರ್ದಿಗೆ ಯಜಮಾನರ ರುಜು. ರೈಸರ್‌ಎಫ್‌ಎಸ್ ಇದಕ್ಕೆ ಪೂರಾ ಉಲ್ಟಾ. ಬರೆಯುವಾಗ ಹೆಚ್ಚುಕಡಿಮೆ ಯಾವ ಎರರ್ ಬಂದರೂ ಇಡೀ ಕರ್ನೆಲ್ಲನ್ನೇ ಪ್ಯಾನಿಕ್ ಮಾಡಿ ಕೆಡವುತ್ತಿತ್ತು. ಜೆಎಫ್‌ಎಸ್ ಒಂದೊಂದು ಕಡೆ ಒಂದೊಂದು ಥರ. ರೈಸರ್‌ನ ಸಿಟ್ಟನ್ನು ನೋಡಿ ನಾನೂ ನಕ್ಕಿದ್ದೆ. ಆ ನಗುವಿನ ವಿಷಯಕ್ಕೆ ಮತ್ತೆ ಬರ್ತೀನಿ.

2008ರಲ್ಲಿ ಅದೇ ಬಳಗದ ಇನ್ನೊಂದು ಪ್ರಬಂಧ ಬಂತು. ಈ ಸಲ ಡಿಸ್ಕು ಮುಟ್ಟದೆ ಕೋಡನ್ನೇ ಜಾಲಾಡಿ, ಎರರ್ ಕೋಡುಗಳು ಪದರದಿಂದ ಪದರಕ್ಕೆ ದಾಟುವ 9022 ಫಂಕ್ಷನ್ ಕರೆಗಳನ್ನು ಹಿಡಿದರು. ಅವುಗಳಲ್ಲಿ 1153 ಕಡೆ, ಅಂದರೆ ಶೇ. 13ರಷ್ಟು, ಹಿಂದಿರುಗಿ ಬಂದ ಎರರನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಎಲ್ಲರೂ ಉದ್ಧರಿಸುವುದು ಈ ಸಂಖ್ಯೆಯನ್ನು. ನನಗೆ ಸಂಖ್ಯೆಯ ಮೇಲೆ ಅಂಥಾ ಮೋಹವಿಲ್ಲ. 1153ರಲ್ಲಿ ಯಾವುದು ಒಂದು ಲಾರಿಯ ಬಾಡಿಗೆ ನುಂಗುತ್ತೆ, ಯಾವುದು ಏನೂ ಮಾಡಲ್ಲ ಅನ್ನೋದನ್ನು ಎಣಿಕೆ ಹೇಳಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರೊಳಗಿನ ಬೇರೆ ಎರಡು ಸಂಗತಿ. ಒಂದು, ಎಷ್ಟೋ ಕಡೆ ಇದು ಮರೆವಿನಿಂದ ಆದದ್ದಲ್ಲ. ಕೋಡು ಬರೆದವರೇ ಪಕ್ಕದಲ್ಲಿ ಕಾಮೆಂಟ್ ಹಾಕಿದ್ದರು, ಇಲ್ಲಿ ಎರರ್ ಬಂದರೆ ಹೇಳೋಕೆ ದಾರಿಯಿಲ್ಲ, ಬಿಟ್ಟು ಮುಂದೆ ಹೋಗೋಣ ಅನ್ನುವ ಧಾಟಿಯಲ್ಲಿ. ಇನ್ನೊಂದು, ಓದುವಾಗಿನ ಎರರ್‌ಗಿಂತ ಬರೆಯುವಾಗಿನ ಎರರ್‌ಗಳೇ ಹೆಚ್ಚಾಗಿ ಕಳೆದುಹೋಗುತ್ತಿದ್ದವು.

ಯಾಕೆ ಹೀಗೆ? ಓದುವಾಗ ಎದುರಿಗೆ ಒಬ್ಬ ಕಾಯ್ತಾ ನಿಂತಿರ್ತಾನೆ. ಕೊಡದಿದ್ದರೆ ಕೇಳ್ತಾನೆ. ಬರೆಯುವಾಗ ಹಾಗಲ್ಲ. ನಿಮ್ಮ ಪ್ರೋಗ್ರಾಂ ಬರಿ ಅಂತ ಕೊಟ್ಟ ತಕ್ಷಣ ಕರ್ನೆಲ್ ಅದನ್ನು ಮೆಮೊರಿಯಲ್ಲಿಟ್ಟುಕೊಂಡು 'ಆಯ್ತು' ಅಂತ ಕಳಿಸಿಬಿಡುತ್ತೆ. ನಿಜವಾಗಿ ಡಿಸ್ಕಿಗೆ ಹೋಗುವುದು ಎಷ್ಟೋ ಸೆಕೆಂಡು ಬಿಟ್ಟು, ಹಿನ್ನೆಲೆಯ ಯಾವುದೋ ಥ್ರೆಡ್ಡಿನ ಕೈಯಿಂದ. ಅಷ್ಟು ಹೊತ್ತಿಗೆ ಬರೆದ ಪ್ರೋಗ್ರಾಂ ಮುಗಿದು ಮನೆಗೆ ಹೋಗಿರಬಹುದು. ವಿಳಾಸದಾರರೇ ಇಲ್ಲದ ಪತ್ರದ ಹಾಗೆ ಎರರ್ ಕೈಯಲ್ಲಿ ಉಳಿಯುತ್ತೆ. ಕಾಮೆಂಟ್ ಬರೆದ ಆ ಪ್ರೋಗ್ರಾಮರನ್ನು ಸೋಮಾರಿ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಆದರೆ ದಾರಿಯಿಲ್ಲ ಅನ್ನುವಲ್ಲಿಯೂ ದಾರಿ ಇತ್ತು ಅಂತ ತೋರಿಸಿದ ಒಂದು ಪ್ಯಾಚ್ ಸರಣಿ ಇದೆ. ಅದೂ 2008ರದ್ದೇ, ಹಿಟಾಚಿಯ ಎಂಜಿನಿಯರ್ ಒಬ್ಬರು ಬರೆದದ್ದು. ಇಡೀ ಓದಿನಲ್ಲಿ ನನಗೆ ಅತ್ಯಂತ ಇಷ್ಟವಾದ ಪಠ್ಯ ಇದೇ ಅಂದರೆ ನಗಬೇಡಿ. ಅವರು ಹಿಡಿದ ತಪ್ಪು ಚೆಕ್‌ಪಾಯಿಂಟಿನದು. ಜರ್ನಲ್‌ನಲ್ಲಿ ಸರಿಯಾಗಿ ಬರೆದಾಗಿದೆ, ಮೊಹರೂ ಬಿದ್ದಿದೆ. ಈಗ ಸ್ವಂತ ಜಾಗಕ್ಕೆ ಇಳಿಸಬೇಕು. ಇಳಿಸಲು ಹೋದಾಗ ಡಿಸ್ಕು 'ಆಗಲ್ಲ' ಅಂತು. ಹಳೆಯ ಕೋಡು ಆ ಉತ್ತರವನ್ನು ನೋಡುತ್ತಲೇ ಇರಲಿಲ್ಲ. ಬರೆಯುವ ಕೆಲಸ 'ಮುಗಿಯಿತಾ' ಅಂತ ಮಾತ್ರ ಕೇಳುತ್ತಿತ್ತು, 'ಆಯಿತಾ' ಅಂತ ಕೇಳುತ್ತಿರಲಿಲ್ಲ. ಮುಗಿದಿದೆ ಅಂದ ಕೂಡಲೇ ಜರ್ನಲ್‌ನ ಬಾಲವನ್ನು ಮುಂದಕ್ಕೆ ಸರಿಸಿ ಆ ಜಾಗವನ್ನು ಹೊಸ ಬರಹಕ್ಕೆ ಕೊಟ್ಟುಬಿಡುತ್ತಿತ್ತು. ಖಾತೆಗೆ ಇಳಿದಿಲ್ಲ, ಕಿರ್ದಿಯ ಹಾಳೆಯನ್ನೂ ಹರಿದಾಯ್ತು. ಹೊಸ ಮೆಟಾಡೇಟಾ ಎರಡೂ ಕಡೆ ಇಲ್ಲ.

ನಮ್ಮ ತಾತನ ಮಂಡಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಮಾರನೇ ದಿನ ಕೆಲಸಕ್ಕೆ ಬರಬೇಡ ಅಂತಿದ್ದರು. ಇಲ್ಲಿ ಇದು ವರ್ಷಗಟ್ಟಲೆ, ಲೋಕದ ಎಷ್ಟೋ ಸರ್ವರುಗಳಲ್ಲಿ ನಡೆದುಕೊಂಡು ಬಂತು.

ಪ್ಯಾಚ್ ಮಾಡಿದ್ದೇನು? ಬರೆದು ಮುಗಿದ ಮೇಲೆ ಎರರ್ ಬಂತಾ ಅಂತ ನೋಡುತ್ತೆ. ಬಂದಿದ್ದರೆ ಬಾಲ ಸರಿಸುವುದಿಲ್ಲ, ಆ ಬ್ಲಾಕುಗಳನ್ನು ಜರ್ನಲ್‌ನಲ್ಲೇ ಉಳಿಸುತ್ತೆ, ಜರ್ನಲ್ಲನ್ನು ಅಬಾರ್ಟ್ ಮಾಡುತ್ತೆ. ಅಷ್ಟೇ. ಡಿಸ್ಕನ್ನು ರಿಪೇರಿ ಮಾಡಲ್ಲ, ಬೇರೆ ಜಾಗ ಹುಡುಕಲ್ಲ, ಬುದ್ಧಿವಂತಿಕೆ ತೋರಿಸಲ್ಲ. ಉಳಿದಿರುವ ಒಂದೇ ಒಂದು ಪ್ರತಿಯನ್ನು ನನ್ನ ಕೈಯಾರೆ ಹಾಳು ಮಾಡಲ್ಲ ಅಂತ ಕೈಕಟ್ಟಿ ನಿಲ್ಲುತ್ತೆ. ಮುಂದಿನ ಸಲ ಎಫ್‌ಎಸ್‌ಸಿಕೆ ಓಡಿದಾಗ ಜರ್ನಲ್ ನೋಡಿ ಮತ್ತೊಮ್ಮೆ ಇಳಿಸಿ ನೋಡಬಹುದು. ತನ್ನ ಮಿತಿ ಗೊತ್ತಿರುವ ಕೋಡು ಹೀಗಿರುತ್ತೆ. ರಾತ್ರಿ ಎರಡು ಗಂಟೆಗೆ ನನ್ನ ಇಎಕ್ಸ್‌ಟಿ4 ರೀಡ್-ಓನ್ಲಿ ಆಗಿ ಹೇಳಲು ಹೊರಟದ್ದೂ ಇದೇ ಜಾತಿಯ ಮಾತು.

ಅದೇ ಎಂಜಿನಿಯರ್ ಇನ್ನೊಂದು ಹೆಜ್ಜೆ ಮುಂದಿಟ್ಟಾಗ ತೊಂದರೆ ಶುರುವಾಯ್ತು. ಮೆಟಾಡೇಟಾ ಸರಿ, ಫೈಲಿನ ಒಳಗಿನ ಡೇಟಾ ಬರೆಯುವಾಗ ಎರರ್ ಬಂದರೆ? ಆಗಲೂ ಜರ್ನಲ್ ನಿಲ್ಲಿಸಿದರೆ, ಯಾವನೋ ಇಳಿಸಿಕೊಂಡ ಸಿನಿಮಾದ ಒಂದು ಬ್ಲಾಕು ಕೆಟ್ಟದ್ದಕ್ಕೆ ಇಡೀ ಸರ್ವರ್ ಸ್ತಬ್ಧವಾಗುತ್ತೆ. ನಿಲ್ಲಿಸದಿದ್ದರೆ ಕೆಟ್ಟ ಡೇಟಾ ಸದ್ದಿಲ್ಲದೆ ಹರಡುತ್ತೆ, ಯಾಕಂದರೆ ಹೆಚ್ಚಿನ ಪ್ರೋಗ್ರಾಮುಗಳು ಎಫ್‌ಸಿಂಕ್ ಮಾಡಿ ಖಚಿತಪಡಿಸಿಕೊಳ್ಳುವುದೇ ಇಲ್ಲ. ಕೊನೆಗೆ ಆದದ್ದು ರಾಜಿ: ಮೌಂಟ್ ಮಾಡುವಾಗ ಕೊಡಬಹುದಾದ 'ಡೇಟಾ-ಎರ್' ಅನ್ನುವ ಆಯ್ಕೆ. ಅಬಾರ್ಟ್ ಅಂತ ಕೊಡಬಹುದು, ಇಗ್ನೋರ್ ಅಂತ ಕೊಡಬಹುದು. ಏನೂ ಹೇಳದಿದ್ದರೆ ಇಗ್ನೋರ್.

ರಾಜಿಯ ತರ್ಕ ನನಗೆ ಒಪ್ಪಿಗೆಯೇ. ಸಿಟ್ಟಿರುವುದು ಆ ಡಿಫಾಲ್ಟ್ ಎಂಬ ಸಂಸ್ಥೆಯ ಮೇಲೆ. ಆಯ್ಕೆ ಕೊಟ್ಟಿದ್ದೇವೆ ಅನ್ನುವುದು ಎಂಜಿನಿಯರುಗಳು ಕೈತೊಳೆದುಕೊಳ್ಳುವ ಅತಿ ಶಿಷ್ಟ ವಿಧಾನ. ಯಾರು ಓದ್ತಾರೆ ಮ್ಯಾನ್ ಪೇಜಿನ ಆ ಸಾಲನ್ನು? ಇಎಕ್ಸ್‌ಟಿ4 ಡಿಸ್ಕನ್ನು ಮೊದಲ ಸಲ ಫಾರ್ಮ್ಯಾಟ್ ಮಾಡುವಾಗಲೂ ನೀವು ಬಾಯಿಬಿಡದಿದ್ದರೆ ಎರರ್ ಬಂದಾಗಿನ ನಡವಳಿಕೆ 'ಕಂಟಿನ್ಯೂ' ಅಂತಲೇ ನಮೂದಾಗುತ್ತೆ. ಉಬುಂಟುವಿನ ಹಳೆಯ ಇನ್‌ಸ್ಟಾಲರ್ ತನ್ನ ರೂಟ್ ಡಿಸ್ಕಿಗೆ ಜಾಣತನದಿಂದ ರೀಡ್-ಓನ್ಲಿ ಅಂತ ಬರೆದುಕೊಳ್ಳುತ್ತಿತ್ತು. ನಾವು ಆಮೇಲೆ ಕೈಯಾರೆ ಜೋಡಿಸುವ ಡೇಟಾ ಡಿಸ್ಕಿಗೆ ಆ ಯೋಗ ಇಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನು ಅರ್ಧ ಗಂಟೆಯಲ್ಲಿ ಮತ್ತೆ ಹಾಕಬಹುದು, ಲಾರಿಯವರ ಚೀಟಿಗಳನ್ನು ಹಾಕಕ್ಕಾಗಲ್ಲ, ಆದರೂ ಕಾವಲು ಇದ್ದದ್ದು ಮೊದಲನೆಯದಕ್ಕೆ.

ಸರಿ, ಡೇಟಾದ ಹೊಣೆ ಅಪ್ಲಿಕೇಶನ್ನಿನದು ಅಂತ ಒಪ್ಪೋಣ. ಎಫ್‌ಸಿಂಕ್ ಕರೆಯಿರಿ, ಅದು ಹೇಳುವ ಉತ್ತರ ಕೇಳಿ, ಎರರ್ ಬಂದರೆ ಮತ್ತೆ ಪ್ರಯತ್ನಿಸಿ. ಲೋಕವೇ ನಂಬುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಷ್ಟೋ ವರ್ಷ ಮಾಡಿದ್ದು ಇದನ್ನೇ. 2018ರಲ್ಲಿ ಆ ಬಳಗಕ್ಕೆ ಗೊತ್ತಾಯ್ತು, ಲಿನಕ್ಸಿನಲ್ಲಿ ಬರೆಯುವುದು ವಿಫಲವಾದರೆ ಮೆಮೊರಿಯಲ್ಲಿದ್ದ ಆ ಪುಟಕ್ಕೆ 'ಕ್ಲೀನ್' ಅಂತ ಗುರುತು ಬೀಳುತ್ತೆ ಅಂತ. ಮೊದಲ ಎಫ್‌ಸಿಂಕ್ ಎರರ್ ಕೊಡುತ್ತೆ. ಎರಡನೆಯದು, ಬರೆಯಲು ಬಾಕಿ ಏನೂ ಇಲ್ಲ ಅಂದುಕೊಂಡು, ಯಶಸ್ಸು ಅನ್ನುತ್ತೆ. ಡೇಟಾಬೇಸ್ ಖುಷಿಯಾಗಿ ತನ್ನ ಕಿರ್ದಿಯ ಹಾಳೆ ಹರಿಯುತ್ತೆ. ಹತ್ತು ವರ್ಷದ ಹಿಂದಿನ ಚೆಕ್‌ಪಾಯಿಂಟ್ ತಪ್ಪೇ ಒಂದು ಮಹಡಿ ಮೇಲೆ ಬಂದು ಕೂತಿತ್ತು! 2017ರ 4.13 ಕರ್ನೆಲ್‌ಗಿಂತ ಮುಂಚೆಯಂತೂ ಬೇರೆ ಯಾರೋ ಕೇಳಿದ್ದಕ್ಕೆ ಎರರ್ ಅವರಿಗೆ ಹೋಗಿ, ನಿಮಗೆ ಮೊದಲನೆಯ ಸಲವೂ ಸಿಗದೇ ಹೋಗುವ ಸಾಧ್ಯತೆಯಿತ್ತು.

ಕರ್ನೆಲ್ ಕಡೆಯವರ ವಾದ ತೆಗೆದುಹಾಕುವಂಥದ್ದಲ್ಲ. ಯಾರೋ ಬರೆಯುವ ಮಧ್ಯೆ ಪೆನ್‌ಡ್ರೈವ್ ಕಿತ್ತುಕೊಂಡು ಹೋದರೆ ಆ ಪುಟಗಳನ್ನು ಎಷ್ಟು ದಿನ ಮೆಮೊರಿಯಲ್ಲಿ ಇಟ್ಟುಕೊಂಡಿರೋದು? ಮೆಮೊರಿ ತುಂಬಿ ಯಂತ್ರವೇ ಸಾಯುತ್ತೆ. ನಿಜ. ಆದರೆ ಎಸೆಯುವುದು ಅನಿವಾರ್ಯ ಅನ್ನೋದು ಬೇರೆ, ಎಸೆದದ್ದನ್ನು 'ಕ್ಲೀನ್' ಅಂತ ಕರೆಯೋದು ಬೇರೆ. ಈ ಎರಡನೆಯದನ್ನು ನಾನು ಸುಳ್ಳು ಅಂತಲೇ ಕರೀತೀನಿ.

ಪೋಸ್ಟ್‌ಗ್ರೆಸ್‌ನವರು 2019ರ ಫೆಬ್ರವರಿಯ ಬಿಡುಗಡೆಗಳಲ್ಲಿ ಮಾಡಿದ ಪರಿಹಾರ ಏನು ಗೊತ್ತಾ? ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಪ್ಯಾನಿಕ್. ಡೇಟಾಬೇಸ್ ಬಿದ್ದು, ಎದ್ದು, ತನ್ನ ಜರ್ನಲ್ಲಿನಿಂದ ಎಲ್ಲವನ್ನೂ ಮತ್ತೆ ಬರೆಯುತ್ತೆ. 2005ರ ಪ್ರಬಂಧ ಓದುವಾಗ ರೈಸರ್‌ನ ಸಿಟ್ಟಿಗೆ ನಕ್ಕಿದ್ದೆ ಅಂದೆನಲ್ಲ, ಅದೇ ಸಿಟ್ಟು. ಒಂದು ವ್ಯತ್ಯಾಸ ಇದೆ. ರೈಸರ್ ಬಿದ್ದರೆ ಆ ಯಂತ್ರದ ಮೇಲಿದ್ದ ಎಲ್ಲರನ್ನೂ ಕರಕೊಂಡು ಬೀಳುತ್ತಿತ್ತು. ಪೋಸ್ಟ್‌ಗ್ರೆಸ್ ತಾನೊಂದೇ ಬೀಳುತ್ತೆ, ಅದೂ ಕೈಯಲ್ಲಿ ಕಿರ್ದಿ ಹಿಡಿದುಕೊಂಡು. ಆದರೂ ನನ್ನ ನಗುವನ್ನು ಅರ್ಧ ವಾಪಸ್ ತಗೊಂಡಿದ್ದೀನಿ.

ಇಷ್ಟೆಲ್ಲ ಓದಿದ ಮೇಲೆ ನಮ್ಮದೇ ಕೋಡು ತೆಗೆದು ನೋಡಿದೆ, ಫೋಟೋ ಉಳಿಸಿ ಆ್ಯಪಿಗೆ ಹಸಿರು ಟಿಕ್ ಕಳಿಸುವ ಸರ್ವಿಸಿನದು. ಫೈಲ್ ಬರೆಯುತ್ತೆ, ಎಫ್‌ಸಿಂಕ್ ಕರೆಯುತ್ತೆ. ಎಫ್‌ಸಿಂಕ್ ಏನು ಹೇಳಿತು ಅಂತ ಯಾವ ವೇರಿಯೇಬಲ್ಲಿನಲ್ಲೂ ಇಟ್ಟುಕೊಳ್ಳಲ್ಲ. ಮುಂದಿನ ಸಾಲು: ಟಿಕ್ ಕಳಿಸು. ಬರೆದವನು ಕೆಲಸ ಬಿಟ್ಟು ಎರಡು ವರ್ಷವಾಗಿದೆ. ರಿವ್ಯೂ ಮಾಡಿ ಅಪ್ರೂವ್ ಕೊಟ್ಟವರ ಹೆಸರು ನನ್ನದು. ನಮ್ಮ ಡಿಸ್ಕು ಕೆಟ್ಟ ರೀತಿಗೆ ಈ ಸಾಲು ಕಾರಣ ಅಲ್ಲ ಅಂತ ಹೇಳಿಕೊಂಡು ತಪ್ಪಿಸಿಕೊಳ್ಳಬಹುದು. ಇನ್ನೊಂದು ದಿನ, ಇನ್ನೊಂದು ಡಿಸ್ಕಿಗೆ ಅದೇ ಕಾರಣ ಆಗುತ್ತಿತ್ತು.

ಎಫ್‌ಎಸ್‌ಟ್ಯಾಬ್ ಸಾಲನ್ನು ಮೊದಲಿದ್ದ ಹಾಗೆ ಮಾಡಿದೆ. ಕೋಡಿನಲ್ಲಿ ಎಫ್‌ಸಿಂಕ್ ಎರರ್ ಕೊಟ್ಟರೆ ಟಿಕ್ ಕಳಿಸದೆ ಸರ್ವಿಸ್ ತಾನೇ ನಿಲ್ಲುವ ಹಾಗೆ ಬರೆದೆ. ಫೋನಿನಲ್ಲಿ ಇನ್ನೂ ಇರುವ ಫೋಟೋವನ್ನು ಆ್ಯಪ್ ಮತ್ತೆ ಕಳಿಸಲಿ, ಅಲ್ಲಿರೋದೇ ನಮ್ಮ ಕಿರ್ದಿ. ಕರ್ನೆಲ್‌ನಲ್ಲಿ ಡಿಎಂ-ಫ್ಲೇಕಿ ಅಂತ ಒಂದು ಸೌಲಭ್ಯ ಇದೆ, ಇಷ್ಟು ಸೆಕೆಂಡು ಸರಿಯಾಗಿದ್ದು ಇಷ್ಟು ಸೆಕೆಂಡು ಎರರ್ ಕೊಡುವ ಸುಳ್ಳು ಡಿಸ್ಕು ಕಟ್ಟಿಕೊಡುತ್ತೆ. ಅದರ ಮೇಲೆ ಟೆಸ್ಟ್ ಸರ್ವರ್ ಕೂರಿಸಿ ಊಟಕ್ಕೆ ಹೋದೆ. ಇಡ್ಲಿ ಬರುವಷ್ಟರಲ್ಲಿ ಸಹೋದ್ಯೋಗಿಯ ಮೆಸೇಜು: "ಗುರೂ, ನಿನ್ನ ಹೊಸ ಬಿಲ್ಡ್ ನಿಮಿಷಕ್ಕೊಂದ್ಸಲ ಬೀಳ್ತಾ ಇದೆ, ಏನೋ ಎಫ್‌ಸಿಂಕ್ ಅಂತಿದೆ. ಆ ಚೆಕ್ ತೆಗೆದುಬಿಡ್ಲಾ?"

ಬೇಡ ಅಂತ ಟೈಪ್ ಮಾಡಿ, ಇಡ್ಲಿ ಅಲ್ಲೇ ಬಿಟ್ಟು ಆಫೀಸಿಗೆ ಓಡಿದೆ.